ಟೀಚರ್ ಮಾತು ಹೆಚ್ಚು, ಮಕ್ಕಳ ಮಾತು ಕಡಿಮೆ: ತರಗತಿಯ ದೋಷ ಪತ್ತೆಗೆ ಒಂದು ಕೈಪಿಡಿ

ಬಿಸಿಯೂಟದ ಸಾಲಿನಲ್ಲಿ ಎಡೆಬಿಡದೆ ಹರಟುವ ಮಕ್ಕಳು ಮುಂದಿನ ಅವಧಿಯಲ್ಲಿ ಒಂದು ಪ್ರಶ್ನೆಗೂ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಸರ್ಕಾರಿ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಶಿಕ್ಷಕರ ಕೊಠಡಿಯಲ್ಲಿ ಈ ದೂರು ಕೇಳಿಬರುತ್ತಲೇ ಇರುತ್ತದೆ. ಕೂಡಲೇ ಹೊಸ ಬೋಧನಾ ವಿಧಾನ, ಹೊಸ ಚಟುವಟಿಕೆ, ಸ್ಮಾರ್ಟ್ ಬೋರ್ಡ್ ಎಂದು ಹುಡುಕಲು ಹೊರಡುತ್ತೇವೆ. ಅಷ್ಟು ದೂರ ಹೋಗುವ ಅಗತ್ಯ ಹೆಚ್ಚಿನ ಸಲ ಬೀಳುವುದಿಲ್ಲ. ಪ್ರಶ್ನೆ ಕೇಳಿದ ಮೇಲಿನ ಎರಡು ಮೂರು ಸೆಕೆಂಡುಗಳಲ್ಲಿ, ಉತ್ತರ ಬಂದ ಮೇಲಿನ ಎರಡು ಮೂರು ಸೆಕೆಂಡುಗಳಲ್ಲಿ ನಾವು ಏನು ಮಾಡುತ್ತೇವೆ ಎಂಬಲ್ಲಿಯೇ ಬಹುಪಾಲು ದೋಷ ಇರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಇಲ್ಲಿ ಖರ್ಚಿಲ್ಲದ ತಪಾಸಣೆಗಳು ಮೊದಲು ಬರುತ್ತವೆ, ಹೊರಗಿನ ನೆರವು ಬೇಕಾದವು ಕೊನೆಗೆ.

ಮೊದಲು ಅಳೆಯಿರಿ

ಬಿ.ಇಡಿ. ಓದುವಾಗ, ತರಗತಿಯ ಮಾತುಕತೆಯನ್ನು ಅಳೆಯುವ ಪದ್ಧತಿ ರೂಪಿಸಿದ ನೆಡ್ ಫ್ಲಾಂಡರ್ಸ್ ಅವರ ಹೆಸರು ಕೇಳಿರುತ್ತೀರಿ. ಅವರ ಪದ್ಧತಿಯಲ್ಲಿ ಮೂರು ಸೆಕೆಂಡಿಗೊಮ್ಮೆ ಒಂದು ಗುರುತು ಹಾಕಬೇಕು. ಒಟ್ಟು ಹತ್ತು ವರ್ಗಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಉಳಿದ ಒಂದು ಮೌನ ಅಥವಾ ಗೊಂದಲಕ್ಕೆ. ತರಗತಿಯ ಸಮಯದ ಮೂರನೇ ಎರಡು ಭಾಗ ಯಾರಾದರೂ ಮಾತನಾಡುತ್ತಿರುತ್ತಾರೆ, ಆ ಮಾತಿನ ಮೂರನೇ ಎರಡು ಭಾಗ ಶಿಕ್ಷಕರದೇ ಆಗಿರುತ್ತದೆ ಎಂದು ಅಮೆರಿಕದ ತರಗತಿಗಳನ್ನು ಗಮನಿಸಿ ಅವರು ಹೇಳಿದರು. ನಿಮ್ಮ ತರಗತಿಯ ಲೆಕ್ಕ ತಿಳಿಯಲು ಅಷ್ಟೆಲ್ಲ ಸಂಕೀರ್ಣ ಕೋಷ್ಟಕ ಬೇಕಾಗಿಲ್ಲ.

ಮಕ್ಕಳು ಕುಳಿತುಕೊಳ್ಳುವ ಸಾಲುಗಳ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಡುವಿರುವ ಸಹೋದ್ಯೋಗಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು, ಒಂದೇ ವಾಕ್ಯವಾದರೂ ಸರಿ, ಒಂಟಿಯಾಗಿ ಮಾತನಾಡಿದ ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಗೆರೆ ಎಳೆಯಲಿ. ಹಾಳೆಯ ಅಂಚಿನಲ್ಲಿ ಹತ್ತು ಸೆಕೆಂಡಿಗೊಮ್ಮೆ, ಆಗ ಮಾತನಾಡುತ್ತಿರುವವರು ಶಿಕ್ಷಕರಾದರೆ ‘ಶಿ’, ವಿದ್ಯಾರ್ಥಿಯಾದರೆ ‘ವಿ’, ಮೌನವಿದ್ದರೆ ‘ಮೌ’ ಎಂದು ಬರೆಯಲಿ. ಕಾಲು ಗಂಟೆಯ ಗುರುತುಗಳು ಸಾಕು. ಸಹೋದ್ಯೋಗಿ ಸಿಗದಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಬಹುದು.

ಧ್ವನಿಮುದ್ರಣದ ಬಗ್ಗೆ ಒಂದು ಎಚ್ಚರಿಕೆ: ಮುಖ್ಯೋಪಾಧ್ಯಾಯರಿಗೆ ಮುಂಚೆಯೇ ತಿಳಿಸಿ, ಮಕ್ಕಳಿಗೂ ಹೇಳಿ. ವಿಡಿಯೊ ಬೇಡ. ಕೇಳಿ ಗುರುತು ಹಾಕಿಕೊಂಡ ಮೇಲೆ ಅಳಿಸಿಬಿಡಿ. ತಡವರಿಸಿದ ಮಗುವಿನ ದನಿ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಆ ಮಗು ಮತ್ತೆ ಮಾತನಾಡುವ ಧೈರ್ಯ ಮಾಡಲಾರದು.

ಹಾಳೆಯಲ್ಲಿ ‘ಶಿ’ ತುಂಬಿದ ಮಾತ್ರಕ್ಕೆ ಗಾಬರಿಯಾಗಬೇಡಿ. ಹೊಸ ಪರಿಕಲ್ಪನೆ ಪರಿಚಯಿಸುವ ದಿನ ಶಿಕ್ಷಕರೇ ಹೆಚ್ಚು ಮಾತನಾಡಬೇಕು. ಸ್ಪಷ್ಟವಾದ ವಿವರಣೆ ಮಕ್ಕಳ ಹಕ್ಕು, ಅದಕ್ಕೆ ಕತ್ತರಿ ಹಾಕಬಾರದು. ಎರಡು ಸಂಗತಿಗಳನ್ನು ನೋಡಿ. ಮೊದಲನೆಯದು, ಎಷ್ಟು ಬೇರೆ ಬೇರೆ ಹೆಸರುಗಳ ಮುಂದೆ ಗೆರೆ ಬಿದ್ದಿದೆ. ಎರಡನೆಯದು, ನಿಮ್ಮ ಮಾತಿನಲ್ಲಿ ವಿವರಣೆ ಎಷ್ಟು, ನೋಟ್ಸ್ ಹೇಳಿ ಬರೆಸಿದ್ದು, ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿದ್ದು, ಒಂದೇ ಸೂಚನೆಯನ್ನು ಮತ್ತೆ ಮತ್ತೆ ಹೇಳಿದ್ದು ಎಷ್ಟು. ಕಡಿಮೆ ಮಾಡಬೇಕಾದದ್ದು ಈ ಕೊನೆಯ ಮೂರನ್ನು.

ಲಕ್ಷಣ: ಪ್ರಶ್ನೆ ಕೇಳಿದರೆ ಕೊಠಡಿ ಮೌನವಾಗುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಲಕ್ಷಣ ಇದೇ. ಕಾರಣಗಳು ಹಲವು, ಆದ್ದರಿಂದ ಕ್ರಮವಾಗಿ ನೋಡಬೇಕು.

ಮೊದಲು ಕಾಯುವ ಸಮಯ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದ ತರಗತಿಗಳಲ್ಲಿ ಉತ್ತರಗಳು ಉದ್ದವಾದವು, ಕೇಳದೆಯೇ ಬಾಯಿ ಬಿಡುವ ಮಕ್ಕಳು ಹೆಚ್ಚಾದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು. ನಿಮ್ಮ ಧ್ವನಿಮುದ್ರಣದಲ್ಲಿ ಪ್ರಶ್ನೆ ಮುಗಿದ ಕ್ಷಣದಿಂದ ಮುಂದಿನ ಮಾತಿನವರೆಗೆ ಎಣಿಸಿ ನೋಡಿ. ಮುಂದಿನ ಮಾತು ನಿಮ್ಮದೇ ಆಗಿದ್ದರೆ ದೋಷ ಸಿಕ್ಕಿತು.

ಮೂರು ಸೆಕೆಂಡು ನಿಂತ ಶಿಕ್ಷಕರಿಗೆ ಅದು ಮೂರು ನಿಮಿಷದಂತೆ ತೋರುತ್ತದೆ. ಅದಕ್ಕಾಗಿಯೇ ದೇಹಕ್ಕೆ ಒಂದು ಕೆಲಸ ಕೊಡಬೇಕು: ಪ್ರಶ್ನೆ ಕೇಳಿ, ಮೇಜಿನಿಂದ ಕಿಟಕಿಯ ಕಡೆಗೆ ನಿಧಾನವಾಗಿ ನಾಲ್ಕು ಹೆಜ್ಜೆ ನಡೆಯಿರಿ. ಆ ನಡಿಗೆಯ ನಡುವೆ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ತಿರುಗಿಸಿ ಕೇಳಬೇಡಿ. ಒಳ್ಳೆಯ ಮನಸ್ಸಿನ ಶಿಕ್ಷಕರೇ ಹೆಚ್ಚಾಗಿ ಹೀಗೆ ಮಾಡುತ್ತಾರೆ. ಮಗು ಮೊದಲನೆಯ ಪ್ರಶ್ನೆಗೆ ಉತ್ತರ ಜೋಡಿಸಿಕೊಳ್ಳುತ್ತಿರುವಾಗಲೇ ಎರಡನೆಯದು ಬಂದು ಬಿದ್ದರೆ, ಅದು ಯೋಚನೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮೂರನೆಯದು ಬರುವಷ್ಟರಲ್ಲಿ ಕೈಬಿಟ್ಟುಬಿಡುತ್ತದೆ.

ಎರಡನೆಯ ತಪಾಸಣೆ ಪ್ರಶ್ನೆಯ ಸ್ವರೂಪದ್ದು. “ಅರ್ಥವಾಯಿತೇ?” ಎಂಬುದು ಪ್ರಶ್ನೆಯೇ ಅಲ್ಲ. ಅದಕ್ಕೆ “ಆಯಿತು ಸರ್” ಎನ್ನುವುದೊಂದೇ ಸುರಕ್ಷಿತ ಉತ್ತರ ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತು. ಇನ್ನು “ಸಂಪಂಗಿ ಕೆರೆಯ ಜಾಗದಲ್ಲಿ ಈಗ ಏನಿದೆ?” ಎಂದು ಕೇಳಿದರೆ ಕಂಠೀರವ ಕ್ರೀಡಾಂಗಣ ಎಂದು ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರಿಗೆ ಅಲ್ಲಿ ಮಾಡಲು ಏನೂ ಉಳಿದಿಲ್ಲ. ಅದನ್ನೇ ಹೀಗೆ ಕೇಳಿ: “ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಜೋರು ಮಳೆ ಬಂದಾಗ ಹಿಂದೆ ಆ ಕೆರೆಗೆ ಸೇರುತ್ತಿದ್ದ ನೀರು ಈಗ ಎಲ್ಲಿಗೆ ಹೋಗುತ್ತಿರಬಹುದು?” ಇದಕ್ಕೆ ಮೋರಿಯ ಬಗ್ಗೆ, ಅಂಡರ್‌ಪಾಸ್‌ನಲ್ಲಿ ನಿಂತ ನೀರಿನ ಬಗ್ಗೆ, ತಮ್ಮ ಬೀದಿಯ ಬಗ್ಗೆ ಹೇಳಲು ಪ್ರತಿ ಮಗುವಿನ ಬಳಿಯೂ ಏನಾದರೂ ಇರುತ್ತದೆ. ವಿಜ್ಞಾನದಲ್ಲಿ ಒತ್ತಡದ ಪಾಠವಾದರೆ, ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತಗ್ಗಿನಿಂದ ಈ ಎತ್ತರದ ಊರಿಗೆ ಹೇಗೆ ಏರಿ ಬರುತ್ತದೆ ಎಂದು ಕೇಳಬಹುದು. ನೆನಪನ್ನು ಪರೀಕ್ಷಿಸುವ ಪ್ರಶ್ನೆಗಳೂ ಬೇಕು, ಆದರೆ ಅವಧಿಯ ಪ್ರಶ್ನೆಗಳೆಲ್ಲ ಅವೇ ಆಗಿದ್ದರೆ ಕೊಠಡಿ ಮೌನವಾಗುವುದು ಸಹಜ.

ಮೂರನೆಯದು ಭಾಷೆ. ಬೆಂಗಳೂರಿನ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ, ನೇಪಾಳಿ ಆಡುವ ಮಕ್ಕಳು ಕುಳಿತಿರುತ್ತಾರೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳದು ಕನ್ನಡವೇ. ಆದರೂ “ಹೌದ್ರಿ” ಎಂದ ಕೂಡಲೇ ಯಾರೋ ಕಿಸಕ್ಕೆಂದರೆ ಆ ಬಾಯಿ ತಿಂಗಳುಗಟ್ಟಲೆ ಮುಚ್ಚುತ್ತದೆ. ಆ ನಗುವನ್ನು ಅಲ್ಲಿಯೇ, ಆ ಕ್ಷಣದಲ್ಲೇ ತಡೆಯಬೇಕು. ಇದರಲ್ಲಿ ರಾಜಿಯಿಲ್ಲ. ಭಾಷೆಯೇ ತೊಡಕೇ ಎಂದು ಪತ್ತೆ ಹಚ್ಚುವುದು ಸುಲಭ: ಅದೇ ಪ್ರಶ್ನೆಗೆ, “ನಿಮಗೆ ಬರುವ ಯಾವ ಭಾಷೆಯಲ್ಲಾದರೂ ಪಕ್ಕದವರಿಗೆ ಒಂದು ನಿಮಿಷ ಹೇಳಿ” ಎನ್ನಿ. ಕೊಠಡಿ ಗುಂಯ್‌ಗುಡಲು ಶುರುವಾದರೆ ವಿಷಯ ಅವರಿಗೆ ಗೊತ್ತಿದೆ, ಹೇಳುವ ಭಾಷೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ದ್ವಿಭಾಷಾ ತರಗತಿಗಳಲ್ಲೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲೂ ಈ ಒಂದು ನಿಮಿಷ ಬಹಳ ಕೆಲಸ ಮಾಡುತ್ತದೆ. ಕನ್ನಡ ಆಡಿದರೆ ದಂಡ ಎಂಬ ನಿಯಮ ಇನ್ನೂ ಕೆಲವೆಡೆ ಇದೆ. ಆ ನಿಯಮವಿರುವ ಕೊಠಡಿಯಲ್ಲಿ ಮಕ್ಕಳು ಏಕೆ ಮಾತನಾಡುವುದಿಲ್ಲ ಎಂದು ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾಲ್ಕನೆಯದು ಭಯ. ತಪ್ಪು ಉತ್ತರ ಕೊಟ್ಟ ಹಿಂದಿನ ಮಗುವಿಗೆ ಏನಾಯಿತು ಎಂಬುದನ್ನು ಇಡೀ ತರಗತಿ ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಅವಧಿಯಲ್ಲಿ ಅಲ್ಲದಿದ್ದರೂ ಬೇರೆಯವರ ಅವಧಿಯಲ್ಲಿ ಏಟೋ ಅವಮಾನವೋ ಆಗಿದ್ದರೆ ಅದರ ಪರಿಣಾಮ ನಿಮ್ಮ ಅವಧಿಗೂ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೇ ಕಲಂ ಮಗು ಭಯವಿಲ್ಲದೆ ತನ್ನ ಅನಿಸಿಕೆ ಹೇಳಲು ನೆರವಾಗಬೇಕು ಎನ್ನುತ್ತದೆ. ಇಂಥ ಭಯ ಕಂಡರೆ ಕಾಯುವ ಸಮಯ, ಮುಕ್ತ ಪ್ರಶ್ನೆ ಯಾವುದೂ ನಾಟುವುದಿಲ್ಲ. ಆ ಪ್ರಯೋಗಗಳನ್ನು ನಿಲ್ಲಿಸಿ, ಮೊದಲು ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ.

ಲಕ್ಷಣ: ಉತ್ತರ ಬರುತ್ತದೆ, ಆದರೆ ಒಂದೇ ಪದದಲ್ಲಿ ಮುಗಿಯುತ್ತದೆ

ಸಿಂಕ್ಲೇರ್ ಮತ್ತು ಕೂಲ್ಟ್‌ಹಾರ್ಡ್ ಎಂಬ ಭಾಷಾತಜ್ಞರು 1975ರಲ್ಲಿ ತರಗತಿಯ ಸಂಭಾಷಣೆಯ ವಿನ್ಯಾಸವನ್ನು ಗುರುತಿಸಿದರು: ಶಿಕ್ಷಕರ ಪ್ರಶ್ನೆ, ಮಗುವಿನ ಉತ್ತರ, ಮತ್ತೆ ಶಿಕ್ಷಕರ ಪ್ರತಿಕ್ರಿಯೆ. ಮೂರರಲ್ಲಿ ಎರಡು ಸರದಿ ಶಿಕ್ಷಕರಿಗೇ ಹೋಗುತ್ತದೆ. ಆ ಮೂರನೆಯ ಸರದಿಯಲ್ಲಿ “ವೆರಿ ಗುಡ್” ಎಂದರೆ ಬಾಗಿಲು ಮುಚ್ಚಿದಂತೆ. ಸರಿ ಉತ್ತರ ಸಿಕ್ಕಿತು, ಇನ್ನು ಯೋಚಿಸಬೇಕಾಗಿಲ್ಲ ಎಂಬ ಸೂಚನೆ ಎಲ್ಲರಿಗೂ ತಲುಪುತ್ತದೆ. ಅದರ ಬದಲು ಎರಡು ಸೆಕೆಂಡು ಸುಮ್ಮನಿರಿ. ಬಹಳ ಸಲ ಮಗು ತಾನೇ “ಏಕೆಂದರೆ…” ಎಂದು ಮುಂದುವರಿಸುತ್ತದೆ. ಮುಂದುವರಿಸದಿದ್ದರೆ “ಹೇಗೆ ಗೊತ್ತಾಯಿತಮ್ಮ?” ಎಂದೋ “ಇದನ್ನು ಒಪ್ಪದವರು ಯಾರಿದ್ದೀರಿ?” ಎಂದೋ ಕೇಳಿ.

ಇನ್ನೊಂದು ಅಭ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ: ಮಗು ಹೇಳಿದ್ದನ್ನು ಶಿಕ್ಷಕರು ಗಟ್ಟಿಯಾಗಿ ಮತ್ತೊಮ್ಮೆ ಹೇಳುವುದು. ಇದರಿಂದ ಶಿಕ್ಷಕರ ಮಾತು ಹೆಚ್ಚುವುದಷ್ಟೇ ಅಲ್ಲ, ಮಕ್ಕಳು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ಹೇಗೂ ಟೀಚರ್ ಮತ್ತೆ ಹೇಳುತ್ತಾರಲ್ಲ! ಮೆಲುದನಿಯ ಮಗು ಉತ್ತರಿಸುವಾಗ ನಾವು ಹತ್ತಿರ ಹೋಗುತ್ತೇವೆ. ಹತ್ತಿರ ಹೋದಷ್ಟೂ ಅದರ ದನಿ ತಗ್ಗುತ್ತದೆ. ಕೊಠಡಿಯ ಎದುರು ಮೂಲೆಗೆ ಸರಿದು ನಿಲ್ಲಿ. ಆಗ ಮಗು ನಿಮಗೆ ಕೇಳಿಸಲೆಂದು ಆಡುವ ಮಾತು ನಡುವೆ ಕುಳಿತವರಿಗೆಲ್ಲ ಕೇಳಿಸುತ್ತದೆ.

ಲಕ್ಷಣ: ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಪರೀಕ್ಷೆಯಲ್ಲಿ ಬರೆಯುವುದಿಲ್ಲ

“ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಯೇ ದ್ಯುತಿಸಂಶ್ಲೇ…” ಎಂದು ಶಿಕ್ಷಕರು ಎಳೆಯುತ್ತಾರೆ. “…ಷಣೆ!” ಎಂದು ಕೊಠಡಿ ನಡುಗುವಂತೆ ಮಕ್ಕಳು ಕೂಗುತ್ತಾರೆ. ಹೊರಗಿನಿಂದ ನೋಡುವವರಿಗೆ ತುಂಬು ಭಾಗವಹಿಸುವಿಕೆ ಕಾಣುತ್ತದೆ. ಆದರೆ ಅಲ್ಲಿ ಮಕ್ಕಳು ಪದದ ಬಾಲವನ್ನಷ್ಟೇ ಹೇಳಿದ್ದಾರೆ, ಅದೂ ನಾಲ್ಕೈದು ಮಂದಿ ಶುರು ಮಾಡಿದ ಮೇಲೆ ಉಳಿದವರು ದನಿಗೂಡಿಸಿದ್ದಾರೆ. ಪದ್ಯ, ಮಗ್ಗಿ, ಉಚ್ಚಾರಣೆಗೆ ಒಕ್ಕೊರಲು ಚೆನ್ನ. ತಿಳಿವಳಿಕೆಯ ತಪಾಸಣೆಗೆ ಅದು ಬಾರದು.

ಪ್ರಶ್ನೆ ಕೇಳಿ, ರಫ್ ಪುಸ್ತಕದ ಕೊನೆಯ ಪುಟದಲ್ಲಿ ಅರ್ಧ ನಿಮಿಷ ಬರೆಯಲು ಹೇಳಿ. ಸಣ್ಣ ತರಗತಿಗಳಲ್ಲಿ ಸ್ಲೇಟು ಸಾಕು. ಸಾಲುಗಳ ನಡುವೆ ಒಂದು ಸುತ್ತು ಬಂದರೆ ಯಾರಿಗೆ ಎಲ್ಲಿ ತಪ್ಪುತ್ತಿದೆ ಎಂದು ತಿಳಿಯುತ್ತದೆ. ನಂತರವೇ ಬಾಯಿಮಾತು.

ಲಕ್ಷಣ: ಯಾವಾಗಲೂ ಅವೇ ನಾಲ್ಕು ಕೈಗಳು ಮೇಲೇಳುತ್ತವೆ

ಸಾಲುಗಳ ನಕ್ಷೆಯನ್ನು ಮತ್ತೆ ತೆಗೆಯಿರಿ. ಗೆರೆಗಳು ಮುಂದಿನ ಸಾಲಿನಲ್ಲಿ, ನಡುವಿನ ಬೆಂಚುಗಳಲ್ಲಿ ಗುಂಪುಗೂಡಿದ್ದರೆ ನೀವು ಒಂದೇ ಕಡೆ ನಿಂತು ಪಾಠ ಮಾಡುತ್ತಿದ್ದೀರಿ. ಹುಡುಗರ ಕಡೆ ಹೆಚ್ಚು, ಹುಡುಗಿಯರ ಕಡೆ ಕಡಿಮೆ ಇದ್ದರೆ ನಿಮ್ಮ ನೋಟ ಎತ್ತ ಹೋಗುತ್ತಿದೆ ಎಂದು ಸಹೋದ್ಯೋಗಿಯನ್ನು ಕೇಳಿ. ಹಿಂದಿನಿಂದಲೂ ಒಂದಷ್ಟು ಹೊತ್ತು ಪಾಠ ಮಾಡಿ.

ಹೆಸರು ಕರೆಯುವ ಕ್ರಮವನ್ನೂ ಗಮನಿಸಿ. ಹೆಸರು ಮೊದಲು, ಪ್ರಶ್ನೆ ಆಮೇಲೆ ಬಂದರೆ ಉಳಿದವರೆಲ್ಲ ಆ ಕ್ಷಣವೇ ನಿರಾಳರಾಗುತ್ತಾರೆ. ಪ್ರಶ್ನೆ, ಮೌನ, ಆಮೇಲೆ ಹೆಸರು ಎಂಬ ಕ್ರಮದಲ್ಲಿ ಎಲ್ಲರೂ ಯೋಚಿಸಬೇಕಾಗುತ್ತದೆ. ಹೆಸರು ಬರೆದ ಚೀಟಿಗಳನ್ನು ಡಬ್ಬದಲ್ಲಿಟ್ಟು ಎತ್ತುವುದು ನ್ಯಾಯವಾದ ದಾರಿ. ಆದರೆ ಗಮನ ಕೊಡದ ಮಗುವನ್ನು ಸಿಕ್ಕಿಸಿಹಾಕಲು ಹೆಸರು ಕರೆಯುವುದು ಬೇಡ. ಚೀಟಿ ಬಂದ ಮಗುವಿಗೆ ಉತ್ತರ ತೋಚದಿದ್ದರೆ “ಇನ್ನಿಬ್ಬರ ಮಾತು ಕೇಳು, ಮತ್ತೆ ನಿನ್ನ ಬಳಿ ಬರುತ್ತೇನೆ” ಎನ್ನಿ, ಮತ್ತು ಖಂಡಿತ ಹಿಂತಿರುಗಿ ಹೋಗಿ.

ಲಕ್ಷಣ: ಮೂರನೇ ತರಗತಿಯವರೆಗೆ ಮಾತನಾಡುತ್ತಿದ್ದ ಮಗು ನಾಲ್ಕರಲ್ಲಿ ಸುಮ್ಮನಾಗಿದೆ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿಕಲಿ ಇಂದು ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ಪದ್ಧತಿ. ಅಲ್ಲಿ ಮಗು ಕಾರ್ಡು ಹಿಡಿದು ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಏರುತ್ತದೆ, ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕುಳಿತು ಜೊತೆಯವರಿಂದ ಕಲಿಯುತ್ತದೆ. ನಾಲ್ಕಕ್ಕೆ ಬಂದಾಗ ಬೆಂಚು, ಕಪ್ಪುಹಲಗೆ, ಒಬ್ಬರೇ ಮಾತನಾಡುವ ಟೀಚರ್. ಮಗುವಿಗೆ ಏನೂ ಆಗಿಲ್ಲ, ಕೊಠಡಿಯ ನಿಯಮ ಬದಲಾಗಿದೆ. ಜೂನ್, ಜುಲೈ ತಿಂಗಳುಗಳಲ್ಲಿ ದಿನಕ್ಕೊಂದು ಅವಧಿಯನ್ನಾದರೂ ನಾಲ್ವರ ಗುಂಪಿನಲ್ಲಿ, ನೆಲದ ಮೇಲೆ ಕುಳಿತು ನಡೆಸಿದರೆ ಈ ದಾಟುವಿಕೆ ಸಲೀಸಾಗುತ್ತದೆ.

ಲಕ್ಷಣ: ಗುಂಪು ಚಟುವಟಿಕೆ ಕೊಟ್ಟರೆ ಬರೀ ಗದ್ದಲ

ನೇರವಾಗಿ ಆರು ಮಂದಿಯ ಗುಂಪಿಗೆ ಹಾರಿದ್ದೀರಿ. ಇಬ್ಬರಿಂದ ಆರಂಭಿಸಿ. ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ ಕ್ರಮ ಇಂದಿಗೂ ಗಟ್ಟಿ: ಮೊದಲು ಒಬ್ಬರೇ ಯೋಚಿಸುವುದು, ಆಮೇಲೆ ಪಕ್ಕದವರೊಂದಿಗೆ ಹಂಚಿಕೊಳ್ಳುವುದು, ಆಮೇಲೆ ತರಗತಿಗೆ ಹೇಳುವುದು. ಬೆಂಚು ಸರಿಸಬೇಕಾಗಿಲ್ಲ. ಸಮಯ ಒಂದೂವರೆ ನಿಮಿಷ ದಾಟದಿರಲಿ, ಕೊನೆಗೆ ಒಂದು ಸಾಲು ಬರೆದಿರಬೇಕು. ಗದ್ದಲವನ್ನು ಕಿವಿಯಿಂದ ಅಳೆಯಬೇಡಿ. ಎರಡು ಬೆಂಚುಗಳ ಪಕ್ಕ ನಿಂತು ಕೇಳಿ. ಮಾತು ಪ್ರಶ್ನೆಯ ಬಗ್ಗೆಯೇ ಇದ್ದರೆ ಅದು ಕೆಲಸದ ಸದ್ದು. ಕ್ರಿಕೆಟ್ ಬಗ್ಗೆ ಇದ್ದರೆ ಪ್ರಶ್ನೆ ತೀರ ಸುಲಭವಾಗಿದೆ ಅಥವಾ ಸಮಯ ಹೆಚ್ಚಾಗಿದೆ.

ಲಕ್ಷಣ: ಮಕ್ಕಳು ಮಾತನಾಡಿದರೆ ಪಾಠ ಮುಗಿಯುವುದಿಲ್ಲ

ಎಸ್‌ಎಸ್‌ಎಲ್‌ಸಿ ತರಗತಿಯ ಶಿಕ್ಷಕರ ಈ ಆತಂಕ ನಿಜವಾದದ್ದು, ಅದನ್ನು ಉಪದೇಶದಿಂದ ಕಳೆಯಲಾಗದು. ಲೆಕ್ಕದಿಂದ ಕಳೆಯಬಹುದು. 40 ನಿಮಿಷದ ಅವಧಿಯಲ್ಲಿ ನೋಟ್ಸ್ ಹೇಳಿ ಬರೆಸಲು ಎಷ್ಟು ಹೋಗುತ್ತಿದೆ ಎಂದು ಹಾಳೆಯಲ್ಲಿ ನೋಡಿ. ಆ ನೋಟ್ಸನ್ನು ಝೆರಾಕ್ಸ್ ಆಗಿಯೋ, ಹಲಗೆಯ ಮೇಲೆ ಮುಖ್ಯಾಂಶಗಳಾಗಿಯೋ ಕೊಟ್ಟು, ಉಳಿದ ಸಮಯದಲ್ಲಿ ಎರಡು ಒಳ್ಳೆಯ ಪ್ರಶ್ನೆಗಳಿಗೆ ಜಾಗ ಮಾಡಿ. ಹತ್ತು ಹನ್ನೆರಡು ನಿಮಿಷ ವಿವರಣೆ, ಒಂದು ಪ್ರಶ್ನೆ, ಮತ್ತೆ ವಿವರಣೆ. ಎಲ್ಲ ಪಾಠಕ್ಕೂ ಚರ್ಚೆ ಬೇಕಿಲ್ಲ. ಮಕ್ಕಳು ಪ್ರತಿ ವರ್ಷ ಎಡವುವ ಜಾಗಗಳು ನಿಮಗೇ ಗೊತ್ತು, ಅಲ್ಲಿ ಮಾತ್ರ ನಿಲ್ಲಿ.

ಲಕ್ಷಣ: ಮಧ್ಯಾಹ್ನದ ಹೊತ್ತಿಗೆ ನಿಮ್ಮ ಗಂಟಲು ಕಟ್ಟುತ್ತದೆ

ಇದನ್ನು ಶಿಕ್ಷಕರು ಗಂಟಲಿನ ತೊಂದರೆ ಎಂದಷ್ಟೇ ತಿಳಿಯುತ್ತಾರೆ. ಮಾತಿನ ಸಮತೋಲ ತಪ್ಪಿದೆ ಎಂಬುದಕ್ಕೂ ಅದು ಗುರುತು. ಮೇಲಿನ ಉಪಾಯಗಳಿಂದ ಮಾತು ಕಡಿಮೆಯಾದರೆ ಗಂಟಲಿಗೂ ಬಿಡುವು ಸಿಗುತ್ತದೆ. ಗದ್ದಲದ ಮೇಲೆ ಕೂಗಬೇಡಿ, ಕೈಯೆತ್ತಿ ನಿಂತು ಕಾಯಿರಿ. ಮೇಜಿನ ಮೇಲೆ ನೀರಿನ ಬಾಟಲಿ ಇರಲಿ. ದನಿ ಒಡೆದಾಗ ಪಿಸುಮಾತಿನಲ್ಲಿ ಪಾಠ ಮಾಡಬೇಡಿ, ಅದು ಧ್ವನಿತಂತುಗಳನ್ನು ಇನ್ನಷ್ಟು ದಣಿಸಬಹುದು. ದನಿ ಮೂರು ವಾರ ದಾಟಿಯೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಕೆಮ್ಮಿನಲ್ಲಿ ರಕ್ತ, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಒಂದು ದಿನವೂ ಕಾಯಬೇಡಿ.

ಲಕ್ಷಣ: ಒಂದು ಮಗು ಮಾತ್ರ ಮಾತನಾಡುವುದೇ ಇಲ್ಲ

ಇಲ್ಲಿ ಬೋಧನಾ ಉಪಾಯಗಳನ್ನು ನಿಲ್ಲಿಸಿ. ಮೊದಲ ಅನುಮಾನ ಕಿವಿ ಮತ್ತು ಕಣ್ಣಿನ ಮೇಲೆ ಇರಲಿ. ಮಗುವನ್ನು ಮುಂದಿನ ಸಾಲಿಗೆ ತಂದು ವಾರ ನೋಡಿ, ನೀವು ಹಲಗೆಯ ಕಡೆ ತಿರುಗಿ ಮಾತನಾಡಿದಾಗ ಅದು ಪಕ್ಕದವರ ಮುಖ ನೋಡುತ್ತದೆಯೇ ಗಮನಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ಮಗುವಿನ ಹೆಸರನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.

ತೊದಲುವ ಮಗುವಿನ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, “ನಿಧಾನವಾಗಿ ಹೇಳು” ಎಂದೂ ಹೇಳಬೇಡಿ. ಮುಖ ನೋಡುತ್ತ ಕಾಯಿರಿ. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು, ಶಾಲೆಗೆ ಸೇರಿದ ಮೊದಲ ದಿನಗಳು ಕಳೆದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ತುಟಿ ಬಿಚ್ಚದಿದ್ದರೆ ಅದು ಆತಂಕದ ತೊಂದರೆಯಿರಬಹುದು. ಒತ್ತಾಯ, ಬಹುಮಾನದ ಆಸೆ ಎರಡೂ ಅದನ್ನು ಬಿಗಿಗೊಳಿಸಬಹುದು. ಪೋಷಕರನ್ನು ಕರೆಸಿ ಮಾತನಾಡಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಫೋನಿನಲ್ಲಿ ಸಲಹೆ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು.

ಚೆನ್ನಾಗಿ ಮಾತನಾಡುತ್ತಿದ್ದ ಮಗು ಹಠಾತ್ತನೆ ಮೌನವಾದರೆ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳಿ. ತರಗತಿಯ ಎದುರಿಗೆ ಕಾರಣ ಕೇಳಬೇಡಿ. ಮಗು ಹೇಳಿದ್ದನ್ನು ನಂಬಿ ಕೇಳಿ, ನೀವೇ ತನಿಖೆಗೆ ಇಳಿಯಬೇಡಿ, “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆ 2012ರ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಎಲ್ಲ ಪರೀಕ್ಷಿಸಿದರೂ ದೋಷ ಹೋಗದಿದ್ದರೆ

ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ಆಮೇಲೂ ಗೆರೆಗಳು ಹೆಚ್ಚದಿದ್ದರೆ ಕಾರಣ ಕೊಠಡಿಯದ್ದಾಗಿರಬಹುದು. ರಸ್ತೆ ಬದಿಯ ಕಿಟಕಿ, ಮೆಟ್ರೊ ಕಾಮಗಾರಿಯ ಸದ್ದು, ಮಳೆಗೆ ಡಬಡಬಿಸುವ ಶೀಟಿನ ಮಾಡು ಇದ್ದಲ್ಲಿ ಹಿಂದಿನ ಬೆಂಚಿಗೆ ಮಾತು ತಲುಪುವುದೇ ಇಲ್ಲ. ಹಿಂದೆ ಕುಳಿತು ಸಹೋದ್ಯೋಗಿಯ ಪಾಠವನ್ನು ಒಮ್ಮೆ ಕೇಳಿ ನೋಡಿ. ಹಲಗೆಯನ್ನು ರಸ್ತೆಯಿಂದ ದೂರದ ಗೋಡೆಗೆ ಬದಲಿಸುವುದು, ಚರ್ಚೆಯ ಅವಧಿಯನ್ನು ವಾಹನ ಸಂಚಾರ ಕಡಿಮೆ ಇರುವ ಹೊತ್ತಿಗೆ ಸರಿಸುವುದು ಶಾಲೆಯ ಮಟ್ಟದಲ್ಲೇ ಆಗುವ ಕೆಲಸ.

ಮಕ್ಕಳ ಸಂಖ್ಯೆಯೇ ಮಿತಿ ಮೀರಿದ್ದರೆ ಅದು ಶಿಕ್ಷಕರೊಬ್ಬರು ಸರಿಪಡಿಸುವ ದೋಷವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕಿರಿಯ ಪ್ರಾಥಮಿಕ ಹಂತದಲ್ಲಿ 30, ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಅಳತೆ ಇಟ್ಟಿದೆ. ನಿಮ್ಮ ಹಾಜರಿ ಪುಸ್ತಕದ ಸಂಖ್ಯೆಯನ್ನೂ ಗೆರೆ ಎಳೆದ ನಕ್ಷೆಯನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಡಿ, ಕ್ಲಸ್ಟರ್ ಸಭೆಯಲ್ಲಿ ಸಿಆರ್‌ಪಿಯವರಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತೋರಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯುವ ಮನವಿಗೆ ಅದರ ಪ್ರತಿಯನ್ನು ಲಗತ್ತಿಸಿ.